ದೊರೆಯ ಪದಕ, ದರ್ಜಿಯ ಹೆಸರು

ಕುನ್ನೂರಿನ ಪಕ್ಕದ ದಂಡಿನ ಊರು ವೆಲ್ಲಿಂಗ್ಟನ್ನಿನ ಬಜಾರಿನಲ್ಲಿ ಪ್ರೇಮಲತಾ ಯಾರೊಂದಿಗಾದರೂ ಜಗಳವಾಡಿದ್ದನ್ನು ಕಂಡವರಿಲ್ಲ. ಐವತ್ತೇಳು ವರ್ಷದ ಹೆಂಗಸು. ಸ್ವೆಟರಿನ ಮೇಲೆ ಸೆರಗು ಹೊದ್ದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಸೂಜಿ ಹಿಡಿದು ಕೂತಿರುತ್ತಾಳೆ. ಬಂದವರಿಗೆ ಕೈಮುಗಿಯುತ್ತಾಳೆ, ನಗುತ್ತಾಳೆ, ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಡುತ್ತಾಳೆ. ಸಾಧು ಹೆಂಗಸು ಎಂದು ಬಜಾರೆಲ್ಲ ಹೇಳುತ್ತದೆ. ಬಜಾರಿಗೆ ಏನು ಗೊತ್ತು? ಒಬ್ಬ ಮನುಷ್ಯನ ಮೇಲಿನ ಹಗೆಯನ್ನು ಹದಿನಾಲ್ಕು ವರ್ಷ ಒಂದು ದಿನವೂ ಆರಲು ಬಿಡದೆ ಕಾಪಾಡಿಕೊಂಡು ಬಂದವಳು ಅವಳು. ಆ ಮನುಷ್ಯನಿಗೂ ಅವಳು ಕೈಮುಗಿಯುತ್ತಲೇ ಇದ್ದಳು.

ಅವಳದು ಪದಕ ಹೊಲಿಯುವ ಕಸುಬು. ಸಿಪಾಯಿಗಳಿಗೂ ಅಧಿಕಾರಿಗಳಿಗೂ ಸಿಕ್ಕ ಪದಕಗಳನ್ನು ಬಣ್ಣದ ರಿಬ್ಬನ್ನಿಗೆ ಕಟ್ಟಿ, ಒಳಗೆ ಗಟ್ಟಿ ರಟ್ಟು ಇಟ್ಟು, ಎಲ್ಲವೂ ಒಂದೇ ಸಾಲಿಗೆ ನಿಲ್ಲುವಂತೆ ಕೈಯಲ್ಲೇ ಹೊಲಿಯಬೇಕು. ಮುಂಭಾಗದಲ್ಲಿ ಒಂದು ಎಳೆ ದಾರವೂ ಕಾಣಬಾರದು. ಕೆಲಸವೆಲ್ಲ ಹಿಂದುಗಡೆ. ಪದಕ ಧರಿಸಿದವನು ಜೀವಮಾನದಲ್ಲಿ ಒಂದು ಸಲವೂ ಆ ಹಿಂಬದಿಯನ್ನು ನೋಡುವುದಿಲ್ಲ. ಹೊಲಿದವನು ಮಾತ್ರ ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ತನ್ನ ಹೊಲಿಗೆಯನ್ನು ಗುರುತಿಸಬಲ್ಲ. ಅವಳಿಗೆ ಇದನ್ನು ಕಲಿಸಿದವರು ಅಪ್ಪ ಗುರುಸ್ವಾಮಿ. ಹದಿನೆಂಟರ ಪ್ರಾಯದಲ್ಲಿ ಗುಂಡ್ಲುಪೇಟೆ ಕಡೆಯಿಂದ ಘಾಟಿ ಹತ್ತಿ ಬಂದು, ಸಮವಸ್ತ್ರಕ್ಕೆ ಗುಂಡಿ ಹಾಕುವುದರಿಂದ ಶುರುಮಾಡಿ, ಕೊನೆಗೆ ದೊಡ್ಡ ದೊಡ್ಡ ಅಧಿಕಾರಿಗಳೂ ತಮ್ಮ ಪದಕಗಳನ್ನು ಅವರ ಕೈಗೇ ಕೊಡಬೇಕೆನ್ನುವಷ್ಟು ಹೆಸರು ಮಾಡಿದವರು.

ಗುರುಸ್ವಾಮಿಯ ಕೈಗೆ ಬಂದ ಸಾವಿರಾರು ಪದಕಗಳಲ್ಲಿ ಒಂದು ಕಟ್ಟು ಮಾತ್ರ ಈ ದೇಶದ್ದೂ ಅಲ್ಲ, ಇಂಗ್ಲೆಂಡಿನದೂ ಅಲ್ಲ. 1961ರಲ್ಲಿ ಅದನ್ನು ತಂದವರು ಕೀಳ್ ಕೋತಗಿರಿಯ ಒಂದು ಟೀ ಎಸ್ಟೇಟಿನ ಮ್ಯಾನೇಜರು ಎಲ್ವುಡ್ ದೊರೆ. ದೊರೆ ಅಮೆರಿಕದವರು. ಮೊದಲ ಮಹಾಯುದ್ಧದಲ್ಲಿ ತಮ್ಮ ದೇಶ ಇನ್ನೂ ದೂರ ನಿಂತು ನೋಡುತ್ತಿದ್ದಾಗ, ಇಪ್ಪತ್ತರ ಹುಡುಗ, ಯಾರೂ ಕರೆಯದೆ ಫ್ರಾನ್ಸಿಗೆ ಹೋಗಿ ಆ ದೇಶದ ಪರವಾಗಿ ವಿಮಾನ ಹಾರಿಸಿದ್ದರು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ವಿಮಾನ. ಹಾಗೆ ಸ್ವಂತ ಇಚ್ಛೆಯಿಂದ ಹೋದ ಹುಡುಗರಲ್ಲಿ ಅನೇಕರು ವಾಪಸು ಬರಲಿಲ್ಲ. ಬಂದ ದೊರೆಗೆ ಸಿಕ್ಕಿದ್ದು ಎರಡು ಪದಕ, ಒಂದು ಪೈಲಟ್ ಬ್ಯಾಡ್ಜು. ಹಳದಿ ರಿಬ್ಬನ್ನಿಗೆ ಹಸಿರು ಅಂಚಿನದೊಂದು, ಹಸಿರು ರಿಬ್ಬನ್ನಿನ ಮೇಲೆ ಕೆಂಪು ಗೆರೆಗಳದ್ದು ಇನ್ನೊಂದು. ಪದಕಗಳ ಮೇಲೆ ಹೆಸರಿಲ್ಲ. ಬ್ಯಾಡ್ಜಿನ ಹಿಂದೆ ಮಾತ್ರ ದೊರೆಯ ಪೈಲಟ್ ನಂಬರು ಕೆತ್ತಿತ್ತು. ಗುರುಸ್ವಾಮಿ ರೇಷ್ಮೆ ದಾರಕ್ಕೆ ಮೇಣ ಸವರಿ ಆ ಮೂರನ್ನೂ ಒಂದೇ ರಟ್ಟಿನ ಮೇಲೆ ಹೊಲಿದುಕೊಟ್ಟರು.

1972ರಲ್ಲಿ ದೊರೆ ಕಾಯಿಲೆ ಬಿದ್ದಾಗ ಗುರುಸ್ವಾಮಿಯನ್ನು ಕರೆಸಿ ಪೆಟ್ಟಿಗೆಯನ್ನು ಅವರ ಕೈಗಿಟ್ಟರು. ಹೆಂಡತಿ ಮಕ್ಕಳಿರಲಿಲ್ಲ. ಅಕ್ಕನ ಮನೆಯವರು ಅಮೆರಿಕದಲ್ಲಿದ್ದಾರೆ, ಒಂದಲ್ಲ ಒಂದು ದಿನ ಯಾರಾದರೂ ಹುಡುಕಿಕೊಂಡು ಬರುತ್ತಾರೆ, ಅಲ್ಲಿಯವರೆಗೆ ನಿನ್ನಲ್ಲಿರಲಿ ಎಂದರು. ಗುರುಸ್ವಾಮಿ ಆಗಲಿ ಎಂದು ಒಪ್ಪಿಕೊಂಡರು. ಒಪ್ಪಿಕೊಂಡಿದ್ದನ್ನು ಮೂವತ್ತೇಳು ವರ್ಷ ಜೋಪಾನ ಮಾಡಿದರು.

ಆ ಪೆಟ್ಟಿಗೆಯನ್ನು ನೋಡುತ್ತಲೇ ಬೆಳೆದ ಪ್ರೇಮಲತಾಳಿಗೆ ಆ ಹುಡುಗರ ಹುಚ್ಚು ಹಿಡಿಯಿತು. ಯಾರದೋ ಯುದ್ಧಕ್ಕೆ ತಾವಾಗಿ ಹೋಗಿ ಸತ್ತವರು ಎಂಬುದೇ ಅವಳಿಗೆ ಮೊದಲು ನಂಬಲಾಗದ ಸಂಗತಿ. ಆಮೇಲೆ ಅದೇ ಹಗಲಿರುಳಿನ ಧ್ಯಾನವಾಯಿತು. ಎಸ್ಟೇಟ್ ಬಂಗಲೆಗಳ ಹಳೆ ಸಾಮಾನು ಹರಾಜಾಗುವಲ್ಲಿಗೆಲ್ಲ ಹೋದಳು. ಪರದೇಶದ ಸಂಗ್ರಹಕಾರರಿಗೆ ಪತ್ರ ಬರೆದಳು. ಅವರ ಪದಕಗಳಿಗೆ ಇಲ್ಲಿಂದಲೇ ರಿಬ್ಬನ್ ಹೊಲಿದು ಕಳಿಸಿ, ಕೂಲಿಯ ಬದಲು ಒಂದು ಬ್ಯಾಡ್ಜು, ಒಂದು ಫೋಟೋ, ಪೈಲಟೊಬ್ಬ ಅಮ್ಮನಿಗೆ ಬರೆದ ಪೋಸ್ಟ್ ಕಾರ್ಡು ತರಿಸಿಕೊಂಡಳು. ಸುಟ್ಟ ಅಂಚಿನ ಒಂದು ಚರ್ಮದ ಕೈಗವಸೂ ಬಂತು. ಮೂವತ್ತೊಂದು ವಸ್ತುಗಳು ಅಂಗಡಿಯ ಗಾಜಿನ ಬೀರುವಿನಲ್ಲಿದ್ದವು. ಮದುವೆಯ ಮಾತು ಬಂದಾಗೆಲ್ಲ ಆಗಲಿ ನೋಡೋಣ ಅಂದಳು. ನೋಡುವುದರಲ್ಲೇ ವಯಸ್ಸು ದಾಟಿತು. ಅದಕ್ಕೆ ಅವಳಿಗೆ ಬೇಸರವೇನೂ ಇರಲಿಲ್ಲ.

ಇದೇ ಹುಚ್ಚಿನ ಇನ್ನೊಬ್ಬರು ಊಟಿಯಲ್ಲಿದ್ದರು. ಮುರಳೀಧರನ್. ದೊಡ್ಡ ಬಂಗಲೆ, ಗೇಟಿಗೆ ಕಾವಲುಗಾರ, ಹಜಾರದ ತುಂಬ ದೀಪ ಹಾಕಿದ ಗಾಜಿನ ಪೆಟ್ಟಿಗೆಗಳು. ಅವರದು ಕೊಂಡು ಕೂಡಿಸಿದ ಸಂಗ್ರಹ, ಅದೂ ದೊಡ್ಡ ಸಂಗ್ರಹ. ಆದರೆ ಈ ಬೆಟ್ಟದಲ್ಲೇ ಬಾಳಿ ಸತ್ತ ಒಬ್ಬ ಪೈಲಟನ ಪದಕಗಳು ತನ್ನ ಬಳಿ ಇಲ್ಲ, ಬಜಾರಿನ ದರ್ಜಿಯ ಬಳಿ ಇವೆ ಎಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಎರಡು ಸಲ ಮಾರಿ ಎಂದು ಕೇಳಿದರು. ಅದು ನನ್ನದಲ್ಲ ಸಾರ್, ಹೇಗೆ ಮಾರಲಿ ಎಂದು ಗುರುಸ್ವಾಮಿ ಎರಡು ಸಲವೂ ನಕ್ಕರು.

2009ರಲ್ಲಿ, ದೊರೆಯ ಅಕ್ಕನ ಮೊಮ್ಮಗಳು ಡೊರೊಥಿ ಎಂಬಾಕೆಯಿಂದ ಪತ್ರ ಬಂತು. ಎಪ್ಪತ್ತರ ಹೆಂಗಸು, ಮಾರ್ಚಿನಲ್ಲಿ ಕುನ್ನೂರಿಗೆ ಬರುತ್ತೇನೆ, ನೀವು ಇಟ್ಟುಕೊಂಡಿರುವುದನ್ನು ಕಣ್ಣಾರೆ ನೋಡಿ ತೆಗೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದಳು. ಎಂಬತ್ತೆರಡರ ಗುರುಸ್ವಾಮಿ ಆ ಪತ್ರವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಸುದ್ದಿ ಊಟಿಗೂ ಹೋಯಿತು. ವಾರದೊಳಗೆ ಮುರಳೀಧರನ್ ಕಾರಿನಲ್ಲಿ ಬಂದಿಳಿದರು. ಹೋಗಿಬಿಡುವ ವಸ್ತು, ಪುಸ್ತಕಕ್ಕೆ ನಾಲ್ಕು ಫೋಟೋ ತೆಗೆಸಿ ವಾಪಸು ಕೊಡುತ್ತೇನೆ ಎಂದರು. ಒಳ್ಳೆ ಮಾತು, ಒಳ್ಳೆ ಕೋಟು. ಗುರುಸ್ವಾಮಿ ಕೊಟ್ಟರು.

ಒಂದು ವಾರ ಎಂದವರು ಮೂರು ವಾರ ಬಿಟ್ಟು ತಂದುಕೊಟ್ಟರು. ಕಾರು ತಿರುವು ದಾಟಿದ ಮೇಲೆ ಗುರುಸ್ವಾಮಿ ಪೆಟ್ಟಿಗೆ ತೆರೆದು, ಪದಕಗಳನ್ನು ಕೈಗೆತ್ತಿಕೊಂಡು, ಹಿಂದುಗಡೆ ಹೆಬ್ಬೆರಳು ಆಡಿಸಿದರು. ಆಡಿಸಿದ ಬೆರಳು ಅಲ್ಲೇ ನಿಂತಿತು.

"ಇದು ನನ್ನ ಹೊಲಿಗ ಅಲ್ಲ ಕನವ್ವ," ಅಂದರು.

ಪ್ರೇಮಲತಾ ಕಿತ್ತುಕೊಂಡು ತಿರುಗಿಸಿ ನೋಡಿದಳು. ಮಿಷನ್ ಹೊಲಿಗೆ. ಪದಕಗಳ ಅಂಚಿನಲ್ಲಿ ಲೋಹವನ್ನು ಅಚ್ಚಿಗೆ ಸುರಿದಾಗ ಉಳಿಯುವ ಗೆರೆ. ಬ್ಯಾಡ್ಜಿನ ಹಿಂದೆ ದೊರೆಯ ನಂಬರನ್ನು ಕೂಡ ಮರೆಯದೆ ಕೆತ್ತಿಸಿದ್ದರು. ಮುಂದಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ಮೋಸ ಮಾಡಿದ ಮನುಷ್ಯ ಒಂದೇ ಒಂದನ್ನು ಮರೆತಿದ್ದ. ಪದಕಕ್ಕೆ ಹಿಂಬದಿ ಇರುತ್ತದೆ, ಅಲ್ಲಿ ಒಬ್ಬ ದರ್ಜಿ ಇರುತ್ತಾನೆ ಎಂಬುದು ಅವನ ತಲೆಗೇ ಹೋಗಿರಲಿಲ್ಲ.

"ಒಂದ್ಸಲ ಹೋಗಿ ಕೇಳವ್ವ," ಅಂದರು ಗುರುಸ್ವಾಮಿ. "ಅದಲುಬದಲಾಗ್ಬುಟ್ಟದ ಅಂತ ಹೇಳು. ನಯವಾಗಿ ಕೇಳು. ಕೊಟ್ಬುಡ್ತಾರ."

"ನಾನು ಕೇಳಾಕಿಲ್ಲ ಅಪ್ಪ," ಅಂದಳು ಪ್ರೇಮಲತಾ. "ಕದ್ದವನ ಬಾಗ್ಲಲ್ಲಿ ನಾವು ಕೈ ಚಾಚ್ಕೊಂಡು ನಿಂತ್ಕಬೇಕಾ? ಕೇಳಿದ್ರ ಎಚ್ಚರ ಆಯ್ತಾನ. ಇದ್ದುದ್ದನ್ನೂ ಮಾಯ ಮಾಡ್ತಾನ. ಅವ್ನಾಗೇ ಬಾಯಿ ಬುಡೋ ಹಂಗ ಮಾಡ್ತೀನಿ ನೋಡು."

ಅವಳು ಹೇಳಿದ ಕಾರಣ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಕೇಳಿ ಪಡೆದರೆ ಮುರಳೀಧರನ್ ಮರ್ಯಾದಸ್ಥನಾಗಿಯೇ ಉಳಿಯುತ್ತಾನೆ. ಅದು ಅವಳಿಗೆ ಬೇಕಿರಲಿಲ್ಲ. ಅವನು ಬೀಳಬೇಕಿತ್ತು, ನಾಲ್ಕು ಜನರ ಎದುರು ಬೀಳಬೇಕಿತ್ತು.

ಡೊರೊಥಿ ಬಂದಳು. ಖೋಟಾ ಪದಕವನ್ನು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು, ಆಕೆಗೆ ಗೊತ್ತೂ ಆಗುತ್ತಿರಲಿಲ್ಲ. ಗುರುಸ್ವಾಮಿಗೆ ಅದು ಸಾಧ್ಯವಿರಲಿಲ್ಲ. ಕಣ್ಣಲ್ಲಿ ಕಾಣದ್ದಕ್ಕೆ ಇನ್ನೊಬ್ಬರ ಹೆಸರು ಎತ್ತಬ್ಯಾಡ ಎಂದು ಮಗಳಿಗೂ ಆಣೆ ಹಾಕಿದ್ದರು. ಪದಕಗಳು ಈಗ ನನ್ನಲ್ಲಿಲ್ಲ ತಾಯಿ, ಕಳೆದುಹೋದವು ಎಂದು ಕೈಮುಗಿದು ಹೇಳಿದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದವಳು ಪ್ರೇಮಲತಾ. ಡೊರೊಥಿ ಅಂಗಡಿಯನ್ನೊಮ್ಮೆ ಸುತ್ತ ನೋಡಿದಳು. ಗಾಜಿನ ಬೀರುವಿನಲ್ಲಿ ಅದೇ ಕಾಲದ, ಅಂಥದೇ ಹುಡುಗರ ಮೂವತ್ತೊಂದು ವಸ್ತುಗಳು ಒಪ್ಪವಾಗಿ ಕೂತಿದ್ದವು. ಅವನ್ನು ನೋಡಿದಳು, ಮತ್ತೆ ಮುದುಕನ ಮುಖ ನೋಡಿದಳು. ಅರ್ಥವಾಯಿತು ಎಂದಳು. ಚಹಾ ಮುಟ್ಟದೆ ಎದ್ದು ಹೋದಳು.

ಆಮೇಲೆ ಗುರುಸ್ವಾಮಿ ಸೂಜಿ ಮುಟ್ಟಲಿಲ್ಲ. ನಾಲ್ಕು ತಿಂಗಳು ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದರು. ಒಂದು ದಿನ, "ಆ ಯಮ್ಮ ನನ್ನ ಕಳ್ಳ ಅಂದ್ಕೊಂಡ್ ಹೋಯ್ತಲ್ಲವ್ವ," ಎಂದರು. ಅದು ಬಿಟ್ಟು ಆ ವಿಷಯ ಎತ್ತಲಿಲ್ಲ. ಆಷಾಢದ ಗಾಳಿ ಶುರುವಾದ ವಾರ ತೀರಿಕೊಂಡರು.

ಇಲ್ಲಿಂದ ಪ್ರೇಮಲತಾಳ ನಗು ಶುರುವಾಯಿತು. ಮುರಳೀಧರನ್ ಸಾವಿಗೆ ಹೂಮಾಲೆ ತಂದರು, ಅವಳು ಕೈಮುಗಿದಳು. ಮುಂದಿನ ವರ್ಷ ತಮ್ಮ ಸಂಗ್ರಹದ ಪದಕವೊಂದಕ್ಕೆ ರಿಬ್ಬನ್ ಹಾಕಿಸಲು ಕಳಿಸಿದರು, ಹೊಲಿದುಕೊಟ್ಟಳು. ಹೀಗೆ ಹದಿನಾಲ್ಕು ವರ್ಷಗಳಲ್ಲಿ ಅವರದೇ ನಲವತ್ತಕ್ಕೂ ಹೆಚ್ಚು ಪದಕಗಳನ್ನು ಹೊಲಿದಳು. ಪ್ರತಿ ಸಲ ಪೊಟ್ಟಣ ಬಿಚ್ಚುವಾಗಲೂ ಮೊದಲು ಹಿಂದುಗಡೆಗೆ ಬೆರಳು ಹಾಕುತ್ತಿದ್ದಳು. ಎಂದಾದರೊಂದು ದಿನ ಅದು ಬರಲೇಬೇಕು. ಈ ಬೆಟ್ಟದ ಮಂಜಿಗೆ ಯಾವ ರೇಷ್ಮೆ ರಿಬ್ಬನ್ನೂ ಬಾಳುವುದಿಲ್ಲ, ಬೂಸ್ಟು ಹಿಡಿದೇ ಹಿಡಿಯುತ್ತದೆ. ಹಿಡಿದಾಗ ಫ್ರೆಂಚ್ ಪದಕಕ್ಕೆ ರಿಬ್ಬನ್ ಕಟ್ಟಬಲ್ಲ ಕೈ ಈ ಜಿಲ್ಲೆಯಲ್ಲಿ ಒಂದೇ. ಅಷ್ಟೂ ವರ್ಷ ಖೋಟಾ ಕಟ್ಟನ್ನು ಅವಳು ಎಸೆಯಲಿಲ್ಲ. ಅಂಗಡಿಯ ಹಿಂಗೋಡೆ ಸದಾ ಒಸರುತ್ತದೆ, ಅಲ್ಲಿನ ಗೂಡಿನಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದಳು. ಹೊಸ ಲೋಹ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತ ಹಳೆಯದಾಯಿತು.

2023ರ ಸೆಪ್ಟೆಂಬರಿನಲ್ಲಿ ಅದು ಬಂತು. ತಂದವನು ಮುರಳೀಧರನ್ ಅವರ ಮ್ಯಾನೇಜರು ದಿನೇಶ್‌ಕುಮಾರ್.

"ಮೇಡಂ, ಅರ್ಜೆಂಟು," ಅಂದ. "ಸಾರ್ ಇದನ್ನ ಪ್ಯಾರಿಸ್ ಹರಾಜಲ್ಲಿ ತಗೊಂಡಿದ್ದಂತೆ. ಫಾರಿನ್ ಮ್ಯೂಸಿಯಂನಿಂದ ಪರಿಣತರು ಬರ್ತಿದ್ದಾರೆ. ಎಲ್ಲ ಸರಿಹೋದ್ರೆ ಸಾರ್ ಕಲೆಕ್ಷನ್ ಪೂರ್ತಿ ಅಲ್ಲಿಗೆ, ಸಾರ್ ಹೆಸರಲ್ಲೇ ಒಂದು ಕೋಣೆ. ರಿಬ್ಬನ್ ಬೂಸ್ಟು ಹಿಡಿದಿದೆ, ಕಿತ್ತು ಹೊಸದು ಹಾಕ್ಬೇಕು. ಆರೇ ದಿನ ಇರೋದು."

"ಆಗಲಿ," ಅಂದಳು ಪ್ರೇಮಲತಾ. ಅವನು ಹೋದ ಮೇಲೆ ಹಿಂದುಗಡೆಗೆ ಬೆರಳು ಹಾಕಿದಳು. ಮೇಣದ ರೇಷ್ಮೆ ದಾರ, ಪ್ರತಿ ಮೂರನೆಯ ಹೊಲಿಗೆಗೆ ಒಂದು ಗಂಟು. ಅಪ್ಪನ ಕೈ. ಅವಳಿಗೆ ಅಳು ಬರಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಕೂತಳು. ಮೈಯೆಲ್ಲ ಬಿಸಿಯಾಗಿತ್ತು. ಬಹಳ ಹೊತ್ತಿನ ಮೇಲೆ ಅದು ಸಂತೋಷ ಎಂದು ಅವಳಿಗೇ ತಿಳಿಯಿತು.

ಖೋಟಾವನ್ನು ಕೊಟ್ಟು ನಿಜವಾದದ್ದನ್ನು ಇಟ್ಟುಕೊಳ್ಳುವುದು ಸುಲಭವಿತ್ತು. ಅವಳಿಗೆ ಅಷ್ಟು ಸಾಲದು. ಅವನು ತನ್ನ ಕೈಯಾರೆ ಖೋಟಾವನ್ನು ಎತ್ತಿಕೊಂಡು ಹೋಗಬೇಕು. ಅಪ್ಪನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಎರಡು ಕಟ್ಟಿಗೂ ಒಂದೇ ಥಾನಿನ ರಿಬ್ಬನ್, ಒಂದೇ ರಟ್ಟು, ಒಂದೇ ದಾರ. ತೂಕದಲ್ಲಿ ಗೊತ್ತಾಗದಿರಲೆಂದು ಹಗುರವಾದದ್ದರ ರಟ್ಟಿನೊಳಗೆ ಸೀಸದ ತಗಡು ಸೇರಿಸಿದಳು. ಎರಡರಲ್ಲೂ ಪದಕಗಳ ಅಂಚಿಗೂ ಬ್ಯಾಡ್ಜಿನ ಅಂಚಿಗೂ ರಿಬ್ಬನ್ನಿನ ಪಟ್ಟಿ ಮಡಚಿ ಖೋಟಾದ ಗೆರೆ ಮುಚ್ಚಿದಳು. ಆಮೇಲೆ ಯಾವ ಸಂಗ್ರಹಕಾರನೂ ಮಾಡದ ಕೆಲಸ ಮಾಡಿದಳು. ದೊರೆಯ ನಿಜವಾದ ಪದಕಗಳನ್ನು ಪಾಲಿಶ್ ಹಾಕಿ ತಿಕ್ಕಿದಳು. ನೂರು ವರ್ಷದ ಹಳಮೆಯ ಬಣ್ಣ ಬಟ್ಟೆಗೆ ಇಳಿದು ಹೋಯಿತು. ಅದು ತಪ್ಪು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ತಿಕ್ಕಿದಳು.

ಆರನೆಯ ದಿನ ಮುರಳೀಧರನ್ ಅವರಿಗೇ ಫೋನು ಮಾಡಿ, ತಾವೇ ಬಂದು ನೋಡಿ ತೆಗೆದುಕೊಂಡು ಹೋದರೆ ಒಳ್ಳೆಯದು ಎಂದಳು. ಬಂದರು. ಎಪ್ಪತ್ತೆಂಟು ವರ್ಷ, ಕೈಯಲ್ಲಿ ಬೆತ್ತ, ಅದೇ ಥರದ ಒಳ್ಳೆ ಕೋಟು. ಮೇಜಿನ ಮೇಲೆ ಕರಿ ಮಖಮಲ್ಲು, ಅದರ ಮೇಲೆ ಎರಡು ಕಟ್ಟು. ಒಂದು ಕಪ್ಪಗೆ ಮಾಸಿದ್ದು, ಇನ್ನೊಂದು ಹೊಳೆಯುವಂಥದ್ದು. ಇಬ್ಬರೂ ತಮಿಳಿನಲ್ಲಿ ಮಾತಾಡಿಕೊಳ್ಳುವುದು ರೂಢಿ.

"ಎರಡು ಯಾಕಮ್ಮಾ?" ಎಂದರು.

"ಒಂದು ಅಪ್ಪನದು ಸಾರ್. ನೀವು ಫೋಟೋ ತೆಗೆಸಿ ವಾಪಸು ಕೊಟ್ಟಿದ್ದಿರಲ್ಲ, ಅದು. ನಿಮ್ಮದಕ್ಕೆ ಹೊಲಿಯುವಾಗ ಅದಕ್ಕೂ ಹೊಸ ರಿಬ್ಬನ್ ಹಾಕಿದೆ. ನಿಮ್ಮದನ್ನ ತಗೊಳ್ಳಿ."

ಮುರಳೀಧರನ್ ಒಂದನ್ನು ತಿರುಗಿಸಿದರು, ಇನ್ನೊಂದನ್ನೂ ತಿರುಗಿಸಿದರು. ಎರಡು ಬ್ಯಾಡ್ಜಿನ ಹಿಂದೆಯೂ ಅದೇ ನಾಲ್ಕು ಅಂಕಿ.

"ನನಗೊಂದು ಸಂದೇಹ ಸಾರ್," ಅಂದಳು ಪ್ರೇಮಲತಾ. "ಪೈಲಟ್ ನಂಬರು ಒಬ್ಬರಿಗೆ ಒಂದೇ. ಪ್ಯಾರಿಸ್ಸಿನದಕ್ಕೂ ನಮ್ಮ ದೊರೆ ನಂಬರೇ ಇದೆ. ಅದು ಹೇಗೆ?"

ಅವರು ತಲೆಯೆತ್ತಿ ಅವಳನ್ನು ನೋಡಿದರು. ಹದಿನಾಲ್ಕು ವರ್ಷ ನೋಡಿಯೂ ನೋಡದ ಮುಖವನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ಅವಳು ನಗುತ್ತಲೇ ಇದ್ದಳು. ಹೊರಗೆ ಕಾರಿನಲ್ಲಿ ಡ್ರೈವರು ಒಮ್ಮೆ ಹಾರನ್ ಒತ್ತಿದ.

"ಅಪ್ಪನಿಂದ ಏನು ತಗೊಂಡಿರಿ, ಏನು ವಾಪಸು ಕೊಟ್ಟಿರಿ, ಅಷ್ಟನ್ನ ಒಂದು ಮಾತಲ್ಲಿ ಹೇಳಿ," ಅಂದಳು. "ಯಾವುದು ಯಾವುದು ಅಂತ ನಾನು ಈಗಲೇ ತೋರಿಸ್ತೀನಿ. ಇಲ್ಲದಿದ್ರೆ ನೀವೇ ಆರಿಸ್ಕೊಳ್ಳಿ."

ಒಂದು ಮಾತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಹೇಳಿದ್ದರೆ ಗೋಡೆಯಾಚೆ ಕೇಳುತ್ತಲೂ ಇರಲಿಲ್ಲ. ಮುರಳೀಧರನ್ ಬೆತ್ತವನ್ನು ಮೇಜಿಗೆ ಒರಗಿಸಿದರು. ಆಮೇಲೆ ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದರು. ಬೆಳಕಿಗೆ ಹಿಡಿದರು. ತಾವು ಕಳಿಸಿದ್ದು ಮಾಸಿತ್ತು ಎಂಬುದು ಅವರಿಗೆ ನೆನಪಿತ್ತು. ಹಳೆ ಪದಕಕ್ಕೆ ಪಾಲಿಶ್ ಹಾಕುವ ಸಂಗ್ರಹಕಾರ ಭೂಮಿಯ ಮೇಲೆ ಇಲ್ಲ ಎಂಬುದೂ ಗೊತ್ತಿತ್ತು. ಕಪ್ಪಗಿದ್ದದ್ದನ್ನು ಎತ್ತಿ ಕೋಟಿನ ಜೇಬಿಗೆ ಇಳಿಸಿದರು.

"ಬರ್ತೀನಮ್ಮಾ," ಅಂದರು.

"ಹೋಗಿಬನ್ನಿ ಸಾರ್," ಎಂದು ಪ್ರೇಮಲತಾ ಕೈಮುಗಿದಳು.

ಮರುದಿನ ಊಟಿಯ ಒಂದು ಹೋಟೆಲಿನ ಸಭಾಂಗಣದಲ್ಲಿ, ಮ್ಯೂಸಿಯಂನ ಪರಿಣತರಿಗೆ ಸಂಗ್ರಹ ತೋರಿಸುವ ಕಾರ್ಯಕ್ರಮ. ಪಕ್ಕದ ನಿಟ್ಟಿಂಗ್ ಅಂಗಡಿಯ ಮಲರ್‌ಕೊಡಿಯನ್ನೂ ಪ್ರೇಮಲತಾ ಕರೆದುಕೊಂಡು ಹೋದಳು. ಮಲರ್‌ಕೊಡಿ ಕೋತಗಿರಿ ಹತ್ತಿರದ ಹಟ್ಟಿಯ ಬಡಗ ಹೆಂಗಸು, ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ.

"ಏನು ಪ್ರೇಮಕ್ಕಾ, ಮದುವೆಗೆ ಹೊರಟ ಹಾಗೆ ಪಟ್ಟೆ ಸೀರೆ," ಅಂದಳು ಬಸ್ಸಿನಲ್ಲಿ.

"ಒಂದು ಥರದಲ್ಲಿ ಮದುವೇನೇ," ಅಂದಳು ಪ್ರೇಮಲತಾ.

ಮೂರನೆಯ ಸಾಲಿನಲ್ಲಿ ಕೂತು ಕಣ್ಣು ತುಂಬ ನೋಡಿದಳು. ಮುರಳೀಧರನ್ ಭಾಷಣ ಮಾಡಿದರು. ನಮ್ಮ ಬೆಟ್ಟದಲ್ಲೇ ಬಾಳಿದ ವೀರನ ಪದಕ, ಪ್ಯಾರಿಸ್ಸಿನಿಂದ ಮತ್ತೆ ಬೆಟ್ಟಕ್ಕೆ ಬಂದಿದೆ ಎಂದರು. ಪತ್ರಿಕೆಯವರು ಫೋಟೋ ತೆಗೆದರು. ಪರದೇಶದ ಪರಿಣತ, ತೆಳ್ಳನೆಯ ಬಿಳಿಗಡ್ಡದ ಮನುಷ್ಯ, ಕೈಗೆ ಬಿಳಿ ಕೈಗವಸು ತೊಟ್ಟು ಪದಕ ಎತ್ತಿಕೊಂಡ. ಮುಂಭಾಗವನ್ನು ನೋಡುವುದಕ್ಕೇ ಹೋಗಲಿಲ್ಲ, ನೇರ ತಿರುಗಿಸಿದ. ಕಣ್ಣಿಗೆ ಮಸೂರ ಹಿಡಿದು, ಅಂಚಿನ ರಿಬ್ಬನ್ನಿನ ಪಟ್ಟಿಯನ್ನು ಉಗುರಿನಿಂದ ಸರಿಸಿದ. ಇನ್ನೊಂದನ್ನು ನೋಡಿದ. ಮೆಲ್ಲಗೆ ಏನೋ ಕೇಳಿದ. ಮುರಳೀಧರನ್ ಪ್ಯಾರಿಸ್ ಎಂದರು. ಯಾವ ಹರಾಜು, ಯಾವ ವರ್ಷ ಎಂದು ಮತ್ತೆ ಕೇಳಿದ. ಮುರಳೀಧರನ್ ತಮ್ಮ ಮ್ಯಾನೇಜರ ಕಡೆ ತಿರುಗಿದರು. ಪರಿಣತ ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ, ಇದು ಇತ್ತೀಚಿನ ಎರಕ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಉಳಿದ ವಸ್ತುಗಳನ್ನೂ ಮೊದಲಿನಿಂದ ಪರೀಕ್ಷೆ ಮಾಡಬೇಕಾಗುತ್ತದೆ ಎಂದ.

ಮುರಳೀಧರನ್ ಸಭೆಯಲ್ಲಿ ಪ್ರೇಮಲತಾಳನ್ನು ಹುಡುಕಿದರು. ಅವಳು ತಲೆ ತಗ್ಗಿಸಲಿಲ್ಲ. ಅವರು ಏನು ಹೇಳಬಲ್ಲರು? ಇವಳು ಬದಲಾಯಿಸಿದಳು ಎನ್ನಬೇಕಾದರೆ ಖೋಟಾ ಮೊದಲು ಎಲ್ಲಿಂದ ಬಂತು ಎಂದೂ ಹೇಳಬೇಕು. ಬೆತ್ತ ಎತ್ತಿಕೊಂಡು ವೇದಿಕೆ ಇಳಿದರು. ಅಷ್ಟನ್ನು ನೋಡಿ ಪ್ರೇಮಲತಾ ಹೊಟ್ಟೆ ತುಂಬ ಊಟ ಮಾಡಿ ಬಂದಳು. ಎರಡೆರಡು ಸಲ ಪಾಯಸ ಹಾಕಿಸಿಕೊಂಡಿದ್ದನ್ನು ಮಲರ್‌ಕೊಡಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಪತ್ರಿಕೆಗಳು ಬಿಡಲಿಲ್ಲ. ಊಟಿಯ ಸಂಗ್ರಹಕಾರನ ಬಳಿ ಖೋಟಾ ಪದಕ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಫೋಟೋ ಸಮೇತ ಬಂತು. ಫೋನು ಒತ್ತಿದರೆ ಯಾವ ದೇಶದಲ್ಲಿ ಬೇಕಾದರೂ ಓದಬಹುದಿತ್ತು. ಮ್ಯೂಸಿಯಂನವರು ಸಂಗ್ರಹ ಬೇಡವೆಂದು ಬರೆದರು. ನಿಜವಾದ ವಸ್ತುಗಳನ್ನೂ ಈಗ ಯಾರೂ ನಂಬಲಿಲ್ಲ. ನಲವತ್ತು ವರ್ಷ ಕೂಡಿಸಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಸಂತೆಯ ಸಾಮಾನಾಯಿತು. ದಿನೇಶ್‌ಕುಮಾರ್ ಬೇರೆ ಕೆಲಸ ಹುಡುಕಿಕೊಂಡ. ಪ್ರೇಮಲತಾ ಆ ಸುದ್ದಿಯನ್ನು ದಿನಕ್ಕೆರಡು ಸಲ ಓದಿದಳು. ಓದಿ ಓದಿ ಬಾಯಿಪಾಠವಾಯಿತು.

ಇನ್ನು ಉಳಿದದ್ದು ಅಪ್ಪನ ಕೆಲಸ. ಡೊರೊಥಿಯ ಹಳೆ ಪತ್ರದಲ್ಲಿದ್ದ ಇಮೇಲ್ ವಿಳಾಸಕ್ಕೆ ಬರೆದಳು. ನಿಮ್ಮ ಅಜ್ಜಿಯ ತಮ್ಮನ ಪದಕಗಳು ನನ್ನ ಬಳಿ ಇವೆ, ನಿಮಗೆ ಒಪ್ಪಿಸಬೇಕೆಂದಿದ್ದೇನೆ, ನನ್ನ ತಂದೆ ಮೋಸ ಮಾಡಿದವರಲ್ಲ. ಇಷ್ಟೇ ನಾಲ್ಕು ಸಾಲು. ಉಳಿದದ್ದನ್ನು ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಒಂಬತ್ತು ದಿನದ ಮೇಲೆ ಡೊರೊಥಿಯ ಮಗಳು ಆನ್ ಎಂಬಾಕೆ ಉತ್ತರ ಬರೆದಳು. ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಆ ದರ್ಜಿಯ ಬಗ್ಗೆ ಅಮ್ಮ ಹೇಳುತ್ತಿದ್ದರು. ಮೊದಲು ತುಂಬ ಕೋಪವಿತ್ತು. ಆಮೇಲಾಮೇಲೆ, ಪಾಪ, ಬಡವ, ಆಸೆಗೆ ಬಿದ್ದು ಇಟ್ಟುಕೊಂಡಿರಬೇಕು ಎನ್ನುತ್ತಿದ್ದರು. ಸಾಯುವ ಮೊದಲು ಅವರನ್ನು ಮನಸಾರೆ ಕ್ಷಮಿಸಿದ್ದರು. ಇಷ್ಟು ವರ್ಷದ ಮೇಲಾದರೂ ನೀವು ವಾಪಸು ಕೊಡಲು ಮನಸ್ಸು ಮಾಡಿದ್ದು ದೊಡ್ಡ ಗುಣ. ನಿಮ್ಮ ತಂದೆಗೂ ಇದರಿಂದ ಶಾಂತಿ ಸಿಗಲಿ.

ಪ್ರೇಮಲತಾ ಅದನ್ನು ಅಂಗಡಿಯಲ್ಲಿ ನಿಂತುಕೊಂಡೇ ಓದಿದಳು. ಅಪ್ಪ ಮಾಡದ ಕಳ್ಳತನಕ್ಕೆ ಕ್ಷಮೆ. ಪದಕ ಕಳಿಸಿದರೆ ಅಪ್ಪನೇ ಬಚ್ಚಿಟ್ಟಿದ್ದರೆಂದು ಸಾಬೀತು, ಕಳಿಸದಿದ್ದರೂ ಸಾಬೀತು. ಕೂತು ಇಡೀ ಕಥೆಯನ್ನು ಬರೆದಳು. ಫೋಟೋ ತೆಗೆಸುತ್ತೇನೆಂದು ಒಯ್ದದ್ದು, ಮಿಷನ್ ಹೊಲಿಗೆ, ಒಂದೇ ನಂಬರಿನ ಎರಡು ಬ್ಯಾಡ್ಜು, ಎಲ್ಲವನ್ನೂ. ಆನ್ ಒಳ್ಳೆಯ ಹುಡುಗಿಯೇ ಇರಬೇಕು, ಮರುದಿನವೇ ಉತ್ತರಿಸಿದಳು. ನಿಮ್ಮನ್ನು ನಂಬಬೇಕೆಂದು ನನಗೂ ಆಸೆ, ಅಮ್ಮ ನಂಬಿಕೊಂಡು ಸತ್ತದ್ದನ್ನು ನಾನು ಅಳಿಸಿಹಾಕಬೇಕಾದರೆ ಇದು ನಿಜವೆಂದು ಹೇಳಬಲ್ಲವರು ಇನ್ನೊಬ್ಬರು ಬೇಕು, ಅಂಥವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಳು.

ಇದ್ದರು. ಒಬ್ಬರೇ ಇದ್ದರು.

ಪ್ರೇಮಲತಾ ಎರಡು ದಿನ ಹಲ್ಲು ಕಚ್ಚಿ ಕೂತಳು. ಮೂರನೆಯ ದಿನ ಮಧ್ಯಾಹ್ನ ಊಟಿಯ ಬಸ್ಸು ಹತ್ತಿದಳು. ಬಂಗಲೆಯ ಗೇಟಿನಲ್ಲಿ ಕಾವಲುಗಾರ ಇರಲಿಲ್ಲ. ಹಜಾರದ ಗಾಜಿನ ಪೆಟ್ಟಿಗೆಗಳ ದೀಪ ಆರಿಸಿತ್ತು. ಮುರಳೀಧರನ್ ಜಗಲಿಯ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು, ಮೊಣಕಾಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಅವಳನ್ನು ಕಂಡು ಏಳಲಿಲ್ಲ, ಬೈಯಲೂ ಇಲ್ಲ.

"ನೋಡಿಕೊಂಡು ಹೋಗೋಣ ಅಂತ ಬಂದೆಯೇನಮ್ಮಾ?" ಎಂದರು.

"ಕೇಳೋಕೆ ಬಂದೆ ಸಾರ್."

ಏನು ಬೇಕೆಂದು ಹೇಳಿದಳು. ಆನ್ ಬರೆದದ್ದನ್ನು ಫೋನಿನಲ್ಲಿ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕ್ಷಮಿಸಿದ್ದರು ಎಂಬಲ್ಲಿ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು.

"ನಿಮ್ಮಪ್ಪ ಇದ್ದಾಗಲೇ ಬಂದು ಕೇಳಿದ್ದಿದ್ರೆ ಕೊಟ್ಟುಬಿಡ್ತಿದ್ದೆ," ಅಂದರು. "ಆ ಮೊದಲ ತಿಂಗಳು ದಿನಾ ಕಾಯ್ತಿದ್ದೆ. ಗೇಟು ಸದ್ದಾದ್ರೆ ಎದೆ ಹೊಡ್ಕೊಳ್ತಿತ್ತು. ಯಾರೂ ಬರ್ಲಿಲ್ಲ. ಆಮೇಲೆ ಭಯ ಹೋಯ್ತು, ನನ್ನದೇ ಅನ್ನಿಸ್ತು."

ಅದು ನಿಜವೋ, ಅವಳನ್ನು ಚುಚ್ಚಲು ಆಡಿದ ಮಾತೋ ತಿಳಿಯುವ ದಾರಿಯಿರಲಿಲ್ಲ. ಚುಚ್ಚಿದ್ದಂತೂ ನಿಜ. ಪ್ರೇಮಲತಾ ನಿಂತೇ ಇದ್ದಳು. ಕೂರು ಎಂದು ಅವರೂ ಹೇಳಲಿಲ್ಲ.

ಮುರಳೀಧರನ್ ಒಳಗಿನಿಂದ ಹಾಳೆ ತಂದು ಇಂಗ್ಲಿಷಿನಲ್ಲಿ ಬರೆದರು. ಎಲ್ವುಡ್ ಅವರ ಪದಕಗಳನ್ನು ದರ್ಜಿ ಗುರುಸ್ವಾಮಿಯಿಂದ ನಾನು ಪಡೆದು, ಖೋಟಾ ಮಾಡಿಸಿ ಅವರಿಗೆ ವಾಪಸು ಕೊಟ್ಟೆ, ನಿಜವಾದದ್ದನ್ನು ಇಟ್ಟುಕೊಂಡೆ, ಅವರು ನಿರಪರಾಧಿ. ಹದಿನಾಲ್ಕು ವರ್ಷ ಅವಳು ಬಯಸಿದ ಮಾತು, ಅವಳು ಬಯಸಿದ್ದಕ್ಕಿಂತಲೂ ಸ್ಪಷ್ಟವಾಗಿ. ಕೆಳಗೆ ದಿನಾಂಕ ಹಾಕಿ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಕೊಡದೆ ಅದನ್ನೇ ನೋಡುತ್ತ ಸ್ವಲ್ಪ ನಕ್ಕರು.

"ಎಲ್ಲ ಸರಿಯಾಗಿದೆ. ಹೆಸರು ಒಂದೇ ತೊಂದರೆ," ಅಂದರು. "ಆ ಹುಡುಗಿ ಮೊದಲು ಮಾಡೋ ಕೆಲಸ ಏನು ಗೊತ್ತಾ? ಈ ಹೆಸರನ್ನ ಫೋನಲ್ಲಿ ಹಾಕಿ ನೋಡ್ತಾಳೆ. ಖೋಟಾ ಮುರಳೀಧರನ್ ಅಂತ ಬರುತ್ತೆ. ನನ್ನ ಮಾತಿಗೆ ಬೆಲೆ ಇದ್ದಾಗ ನಾನು ಹೇಳ್ಲಿಲ್ಲ, ಅದು ನನ್ನ ತಪ್ಪು. ಈಗ ಹೇಳ್ತಿದ್ದೀನಿ, ಬೆಲೆ ಇಲ್ಲ. ಅದನ್ನ ಮಾಡಿದ್ದು ನೀನು."

ಪ್ರೇಮಲತಾಳ ಮುಖದಲ್ಲಿ ನಗು ಇರಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ಅವಳಿಗೂ ಇದು ಹೊಳೆದಿತ್ತು, ಹೊಳೆದದ್ದನ್ನು ಒಳಗೆ ಒತ್ತಿ ಇಟ್ಟುಕೊಂಡು ಬಂದಿದ್ದಳು.

"ಆದರೂ ಕೊಡಿ ಸಾರ್," ಎಂದು ಕೈ ಚಾಚಿದಳು.